ಮಾತ್ರೆಯ ಭಯವೂ ಮೈಗೆ ತಾಗುತ್ತದೆ

ಆತಂಕಕ್ಕೆ ಮಾತ್ರೆ ಶುರುಮಾಡಿ ಕೆಲಸಕ್ಕೂ ಹೋಗುವವರಿಗೆ ಮೊದಲ ವಾರ ಕಷ್ಟದ್ದು. ಲೆಕ್ಕದಲ್ಲಿ ಒಂದು ತಪ್ಪಾದರೂ, ಮೀಟಿಂಗಿನಲ್ಲಿ ಒಂದು ಹೆಸರು ನೆನಪಾಗದಿದ್ದರೂ ‘ಇದು ಮಾತ್ರೆಯದ್ದೇ ಕೆಲಸ’ ಅನ್ನಿಸುತ್ತದೆ. ಈ ಅನುಮಾನದಲ್ಲಿ ಹುರುಳಿದೆಯೇ ಎಂದು ತಿಳಿಯಲು ಮೊದಲು ಯಾವ ಮಾತ್ರೆ ಎಂದು ನೋಡಬೇಕು.

ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದವನ್ನು. ಇವು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ಸುಮಾರು ಶೇಕಡ 90 ಇರುವುದು ಕರುಳಿನಲ್ಲಿ. ಹಾಗಾಗಿ ಮೊದಲು ಕೆಡುವುದು ಹೊಟ್ಟೆ. ವಾಕರಿಕೆ, ಭೇದಿ ಬರಬಹುದು. ಕೆಲವರಿಗೆ ಚಡಪಡಿಕೆಯೇ ಇನ್ನೂ ಜಾಸ್ತಿಯಾಗುತ್ತದೆ. ಇವೆಲ್ಲ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಆದರೆ ಆತಂಕ ಇಳಿಯಲು 2ರಿಂದ 6 ವಾರ ಬೇಕು. ತೊಂದರೆ ಮೊದಲು, ಲಾಭ ಆಮೇಲೆ. ಈ ನಡುವಿನ ದಿನಗಳಲ್ಲೇ ಎಷ್ಟೋ ಜನ ಮಾತ್ರೆ ಬಿಟ್ಟುಬಿಡುತ್ತಾರೆ. ನನಗೆ ತುಂಬ ಬೇಸರವಾಗುವುದು ಇದಕ್ಕೇ.

ಕ್ಲೊನಾಜೆಪಾಮ್, ಆಲ್ಪ್ರಜೋಲಾಮ್ ಬೇರೆ ಗುಂಪಿನವು. ಬೇಗ ಸಮಾಧಾನ ಕೊಡುತ್ತವೆ, ಜೊತೆಗೆ ಮಂಪರನ್ನೂ ತರುತ್ತವೆ. ಕ್ಲೊನಾಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ರಾತ್ರಿ ನುಂಗಿದ್ದು ಮರುದಿನದ ಡ್ಯೂಟಿಯಲ್ಲೂ ಮೈಯಲ್ಲಿರುತ್ತದೆ. ಬಸ್ ಓಡಿಸುವವರು, ಮಷಿನ್ ಮುಂದೆ ನಿಲ್ಲುವವರು ಇದಕ್ಕೆ ಹೆದರಿದರೆ ಅದು ನ್ಯಾಯವಾದ ಹೆದರಿಕೆ. ತಮ್ಮ ಕೆಲಸ ಏನೆಂದು ಅವರು ಡಾಕ್ಟರಿಗೆ ಹೇಳಲೇಬೇಕು.

ಇನ್ನು ಭಯದ ಪಾಲು. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ಅಧ್ಯಯನ ಪ್ರಕಟಿಸಿದರು. ಅದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯದ್ದು. ಅಡ್ಡಪರಿಣಾಮ ತಾಳಲಾರದೆ ಅದನ್ನು ಬಿಟ್ಟಿದ್ದ 60 ಜನರನ್ನು ಆರಿಸಿಕೊಂಡರು. ಒಂದು ವರ್ಷದಲ್ಲಿ ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ನುಂಗುತ್ತಿರುವುದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಮಾತ್ರೆಯಿಲ್ಲದ ತಿಂಗಳಿಗಿಂತ ಸ್ಟ್ಯಾಟಿನ್ ತಿಂಗಳಲ್ಲಿ ತೊಂದರೆ ಎಷ್ಟು ಏರಿತೋ, ಅದರ ಶೇಕಡ 90ರಷ್ಟು ಹುಸಿ ಮಾತ್ರೆಯಲ್ಲೂ ಏರಿತ್ತು! ನೋವು ನಿಜವೇ, ಯಾರೂ ನಾಟಕ ಆಡಿರಲಿಲ್ಲ. ಕೆಡುಕಾಗುತ್ತದೆ ಎಂಬ ನಿರೀಕ್ಷೆಯೇ ಕೆಡುಕು ತರುವ ಇದನ್ನು ನೊಸೀಬೊ ಪರಿಣಾಮ ಎನ್ನುತ್ತಾರೆ. ಫಲಿತಾಂಶ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು.

ಈ ಲೆಕ್ಕವನ್ನು ಆತಂಕದ ಮಾತ್ರೆಗೆ ಹಾಗೇ ಹಚ್ಚಲಾಗದು. ಆದರೆ ಆತಂಕ ಇರುವವರು ಮೊದಲೇ ತಮ್ಮ ಮೈಯನ್ನು ಕಾವಲು ಕಾಯುತ್ತಿರುತ್ತಾರೆ ಅಲ್ವಾ? ಹೆದರಿದಾಗ ಅಡ್ರಿನಲಿನ್ ಏರುತ್ತದೆ. ಎದೆ ಡವಡವ, ಬೆವರು, ಕೈನಡುಕ. ಮಾತ್ರೆಯ ಅಡ್ಡಪರಿಣಾಮಗಳ ಪಟ್ಟಿಯಲ್ಲೂ ಇವೇ ಇರುತ್ತವೆ. ಆಫೀಸಿನಲ್ಲಿ ಕುಳಿತು ಆ ಪಟ್ಟಿ ಓದಿದವರಿಗೆ ಎರಡನ್ನೂ ಬೇರ್ಪಡಿಸುವುದು ಹೇಗೆ?

ಮಾತ್ರೆ ಶುರುಮಾಡುವ ಮೊದಲೇ ಮೈಯಲ್ಲಿ ಏನೇನು ತೊಂದರೆ ಇದೆ ಎಂದು ಬರೆದಿಟ್ಟುಕೊಂಡರೆ ದಾರಿ ಸಿಗುತ್ತದೆ. ನಡುಕ ಹಳೆಯದೋ ಹೊಸದೋ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಬಂತು ಎಂಬುದು ಆಗ ಡಾಕ್ಟರಿಗೂ ಕಾಣುತ್ತದೆ. ಮಾತ್ರೆಯ ಹೊತ್ತು ಬದಲಿಸುವುದು, ಡೋಸ್ ತಗ್ಗಿಸುವುದು, ಬೇರೆ ಔಷಧಕ್ಕೆ ಹೋಗುವುದು, ಎಲ್ಲಕ್ಕೂ ಅವಕಾಶ ಇದೆ. ನಾವಾಗಿಯೇ ತಟ್ಟನೆ ನಿಲ್ಲಿಸುವುದು ಮಾತ್ರ ಬೇಡ. ಬಹಳ ದಿನ ತೆಗೆದುಕೊಂಡ ಕ್ಲೊನಾಜೆಪಾಮ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆವತ್ತೇ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.