ಪಾಕೀಟಿನೊಳಗಿನ ಇನ್ನೊಂದು ಪಾಕೀಟು

ನವಲಗುಂದ, ಗದಗ, ಹಾವೇರಿ ಸೀಮೆಯಲ್ಲಿ ಕಾಯಿಕೊರಕ ಹುಳವನ್ನು ಗಿಡವೇ ಕೊಲ್ಲುವ ಬಿಟಿ ಹತ್ತಿ ಬೆಳೆದವರಿಗೆ ಆ ಬೀಜದ ಚೀಲ ನೆನಪಿರುತ್ತದೆ. ಒಳಗೆ 450 ಗ್ರಾಂ ಬಿಟಿ ಬೀಜ, ಅದರ ಜೊತೆಗೆ 120 ಗ್ರಾಮಿನ ಒಂದು ಸಣ್ಣ ಪಾಕೀಟು. ಅದರಲ್ಲಿರುತ್ತಿದ್ದುದು ಬಿಟಿ ಅಲ್ಲದ ಸಾದಾ ಹತ್ತಿ ಬೀಜ. ಹೊಲದ ಸುತ್ತ ಐದು ಸಾಲು, ಇಲ್ಲವೇ ಹೊಲದ ಶೇ 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಅದನ್ನು ಬಿತ್ತಬೇಕು ಎಂಬುದು ನಿಯಮವಾಗಿತ್ತು. ಬಹಳಷ್ಟು ಹೊಲಗಳಲ್ಲಿ ಆ ಪಾಕೀಟು ಬದುವಿನ ಮೇಲೆಯೇ ಉಳಿಯಿತು. ಸಾಲ ಮಾಡಿ ಬಿತ್ತುವವನು ಐದರಲ್ಲಿ ಒಂದು ಪಾಲನ್ನು ಕೈಯಾರೆ ಹುಳದ ಬಾಯಿಗೆ ಹಾಕುತ್ತಾನೆಯೇ? ರೈತನನ್ನು ದೂರಲು ನನಗೆ ಮನಸ್ಸಿಲ್ಲ. ಆ ಸಣ್ಣ ಪಾಕೀಟೇ ಈ ತಂತ್ರಜ್ಞಾನದ ಅರ್ಧ ಜೀವ ಎಂದು ಅವನ ಪಕ್ಕ ಕೂತು ತಿಳಿಸಿ ಹೇಳಿದವರು ತೀರ ಕಡಿಮೆ.

ಬಿಟಿ ಹತ್ತಿಯ ಹಿಂದಿನ ವಿಜ್ಞಾನ ನಿಜಕ್ಕೂ ಸೊಗಸಾದದ್ದು. ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬುದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಅದರ ಒಂದು ಜೀನನ್ನು ಹತ್ತಿಗೆ ಸೇರಿಸಿದರೆ ಗಿಡವೇ ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನನ್ನು ತಯಾರಿಸುತ್ತದೆ. ಎಲೆ ಅಥವಾ ಕಾಯಿ ತಿಂದ ಮರಿಹುಳದ ಕರುಳಿನ ಗೋಡೆಗೆ ಆ ಪ್ರೋಟೀನು ಅಂಟಿ ತೂತು ಮಾಡುತ್ತದೆ. ಹುಳ ತಿನ್ನುವುದನ್ನು ಬಿಟ್ಟು ಸಾಯುತ್ತದೆ. ತೊಂಬತ್ತರ ದಶಕದಲ್ಲಿ ಹಸಿರು ಕಾಯಿಕೊರಕಕ್ಕೆ ಎಣ್ಣಿ (ಕೀಟನಾಶಕ) ಹೊಡೆದೂ ಹೊಡೆದೂ ಸೋತಿದ್ದ ನಮ್ಮ ಭಾಗಕ್ಕೆ 2002ರ ಮಾರ್ಚಿನಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ದೊಡ್ಡ ಬಿಡುಗಡೆಯಂತೆ ಕಂಡಿತು. ಅದು ಸುಳ್ಳೂ ಆಗಿರಲಿಲ್ಲ. ಕಾಯಿಕೊರಕಕ್ಕೆ ಹೊಡೆಯುವ ಔಷಧ ಕಡಿಮೆಯಾಯಿತು. ದೇಶದ ಸರಾಸರಿ ಹತ್ತಿ ಇಳುವರಿ ಹೆಕ್ಟೇರಿಗೆ 300 ಕಿಲೋ ಆಸುಪಾಸಿನಲ್ಲಿದ್ದದ್ದು 2007-08ರ ಹೊತ್ತಿಗೆ 550ರ ಹತ್ತಿರ ಬಂತು. ಅದರಲ್ಲಿ ಮಳೆ, ನೀರಾವರಿ, ಗೊಬ್ಬರದ ಪಾಲೂ ಇತ್ತು. ಆದರೆ ಹೊಗಳಿಕೆಯೆಲ್ಲ ಬೀಜದ ಪಾಲಾಯಿತು.

ಗುಲಾಬಿ ಕಾಯಿಕೊರಕದ ಲೆಕ್ಕ ಬೇರೆಯೇ ಇತ್ತು. ಹಸಿರು ಕಾಯಿಕೊರಕ ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ. ಹಾಗಾಗಿ ಅದರ ಸಂತತಿಯ ಒಂದಿಷ್ಟು ಪಾಲು ಬಿಟಿ ವಿಷದ ಸೋಂಕಿಲ್ಲದೆ ಬೆಳೆಯುತ್ತಲೇ ಇರುತ್ತದೆ. ಗುಲಾಬಿ ಹುಳಕ್ಕೆ ನಮ್ಮಲ್ಲಿ ಹೆಚ್ಚುಕಡಿಮೆ ಹತ್ತಿಯೊಂದೇ ಗತಿ. ಊರಿಗೆ ಊರೇ ಬಿಟಿ ಬಿತ್ತಿದಾಗ ಬದುಕುಳಿಯುವುದು ವಿಷ ತಾಳುವ ಅಪರೂಪದ ಹುಳ ಮಾತ್ರ. ತಾಳಿಕೊಳ್ಳುವ ಈ ಗುಣ ಸಾಮಾನ್ಯವಾಗಿ ತಂದೆತಾಯಿ ಇಬ್ಬರಿಂದಲೂ ಬಂದರಷ್ಟೇ ಕೆಲಸ ಮಾಡುತ್ತದೆ. ಹಾಗೆ ಉಳಿದ ಹುಳ ಪತಂಗವಾಗಿ, ಪಕ್ಕದ ಸಾದಾ ಹತ್ತಿಯಿಂದ ಬಂದ ಪತಂಗದ ಜೊತೆ ಕೂಡಿದರೆ ಹುಟ್ಟುವ ಮರಿಗಳು ಬಿಟಿ ಕಾಯಿ ತಿಂದು ಸಾಯುತ್ತವೆ. ಸಾದಾ ಹತ್ತಿಯೇ ಇಲ್ಲದಿದ್ದರೆ ಉಳಿದವು ಉಳಿದವುಗಳ ಜೊತೆಗೇ ಕೂಡುತ್ತವೆ. ಬದುವಿನ ಮೇಲೆ ಬಿದ್ದಿದ್ದ ಪಾಕೀಟಿನ ಕೆಲಸ ಇದೇ ಆಗಿತ್ತು.

ಹುಳ ವಿಷ ತಾಳುವಂತಾದದ್ದಕ್ಕೆ ಇನ್ನೊಂದು ಕಾರಣ ಧಾರವಾಡದ ಹೆಮ್ಮೆಗೇ ತಾಗುವಂಥದ್ದು. 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಇಲ್ಲಿ ರೂಪಿಸಿದ ವರಲಕ್ಷ್ಮಿ, ಆಮೇಲೆ ಬಂದ ಡಿಸಿಎಚ್-32, ಭಾರತದ ಹೈಬ್ರಿಡ್ (ಎರಡು ತಳಿ ಕೂಡಿಸಿ ಪಡೆದ) ಹತ್ತಿಯ ಮೊದಲ ದೊಡ್ಡ ಗೆಲುವುಗಳಲ್ಲಿ ಸೇರಿದವು. ಉದ್ದ ಎಳೆಯ ಆ ಹತ್ತಿಯ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ. ಆದರೆ ಬಿಟಿ ಬಂದ ಮೇಲೆ ದೇಶದ ಬಹುತೇಕ ಹತ್ತಿ ಹೈಬ್ರಿಡ್ ಆಯಿತು. ಬೇರೆ ಹತ್ತಿ ದೇಶಗಳು ಹೆಚ್ಚಾಗಿ ಎತ್ತಿಟ್ಟು ಬಿತ್ತಿದರೂ ಗುಣ ಕೆಡದ ತಳಿಬೀಜವನ್ನೇ ಬಿತ್ತುತ್ತವೆ. ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದರೆ ಗುಣ ಒಡೆಯುತ್ತದೆ, ಅದಕ್ಕೇ ಪ್ರತಿ ವರ್ಷ ಕೊಳ್ಳಲೇಬೇಕು. ಜೊತೆಗೆ ಬಿಟಿ ಜೀನು ಒಂದೇ ಕಡೆಯಿಂದ ಬಂದ ಹೈಬ್ರಿಡ್‌ನಲ್ಲಿ, ಕಾಯಿಯೊಳಗಿನ ಪ್ರತಿ ನಾಲ್ಕು ಬೀಜಗಳಲ್ಲಿ ಸರಾಸರಿ ಒಂದರಲ್ಲಿ ಆ ವಿಷವಿರುವುದಿಲ್ಲ. ಗುಲಾಬಿ ಹುಳ ತಿನ್ನುವುದೇ ಬೀಜವನ್ನು. ತಂದೆತಾಯಿಯರಲ್ಲಿ ಒಬ್ಬರಿಂದಷ್ಟೇ ಆ ಗುಣ ಬಂದ, ಅರ್ಧ ತಾಳಿಕೆಯ ಹುಳಕ್ಕೂ ಅಲ್ಲಿ ಬದುಕಲು ದಾರಿ ಸಿಗುತ್ತದೆ.

2006ರಲ್ಲಿ ಎರಡು ಜೀನಿನ ಬಿಟಿ ಬಂತು. 2010ರಲ್ಲಿ ಗುಜರಾತಿನ ಗುಲಾಬಿ ಹುಳ ಮೊದಲ ಜೀನನ್ನು ಜಯಿಸಿದ್ದು ಖಚಿತವಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಎರಡನೆಯದೂ ಸೋತಿತು. ಇಂದು ಹೊಲಕ್ಕೆ ಹೋದರೆ ಹೂವಿನ ಎಸಳುಗಳು ನೂಲಿನಿಂದ ಹೊಲಿದಂತೆ ಮುಚ್ಚಿಕೊಂಡಿರುತ್ತವೆ. ಹೊರಗೆ ದುಂಡಗೆ, ಹಸಿರಾಗಿ, ಆರೋಗ್ಯವಾಗಿ ಕಾಣುವ ಕಾಯಿಯನ್ನು ಒಡೆದರೆ ಒಳಗೆ ಎರಡು ಬೀಜ ಒಂದಕ್ಕೊಂದು ಅಂಟಿವೆ, ನಡುವೆ ಗುಲಾಬಿ ಬಣ್ಣದ ಹುಳ, ಸುತ್ತ ಕಂದು ಕಲೆ ಹಿಡಿದ ಅರಳೆ. ಕಾಯಿ ಒಡೆದು ನೋಡದವರಿಗೆ ಇದು ತಿಳಿಯುವುದು ಬಿಡಿಸುವಾಗಲೇ.

ಅಮೆರಿಕದ ಅರಿಜೋನಾದಲ್ಲಿ ಇದೇ ಹುಳ, ಇದೇ ಜೀನು. ಅಲ್ಲಿ 1996ರಿಂದ ಸಾದಾ ಹತ್ತಿಯ ಪಾಲನ್ನು ರೈತರು ಹತ್ತು ವರ್ಷ ಕಾಪಾಡಿದರು, ಆಮೇಲೆ ಬಂಜೆ ಪತಂಗಗಳನ್ನು ವಿಮಾನದಿಂದ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಹೊಲಗಳಿಂದ ಗುಲಾಬಿ ಹುಳ ನಿರ್ಮೂಲವಾಯಿತೆಂದು ಸರ್ಕಾರ ಘೋಷಿಸಿತು. ಅಂದರೆ ಬೀಜ ಮೋಸ ಮಾಡಲಿಲ್ಲ. ಬೀಜ ಬಂದ ಮೇಲೆ ಬೇರೇನೂ ಮಾಡಬೇಕಿಲ್ಲ ಎಂಬ ನಂಬಿಕೆ ಮೋಸ ಮಾಡಿತು. ಆ ನಂಬಿಕೆಯನ್ನು ಬಿತ್ತಿದ್ದು ರೈತನಲ್ಲ. ಈಗ ಕಳೆನಾಶಕ ತಾಳುವ ಹತ್ತಿ ಅನುಮತಿಯಿಲ್ಲದೆ ಹಲವು ರಾಜ್ಯಗಳಲ್ಲಿ ಕಳ್ಳದಾರಿಯಲ್ಲಿ ಓಡಾಡುತ್ತಿದೆ, ಹಾಗೂ ಅದೂ 'ಇನ್ನು ಕಳೆ ತೆಗೆಯುವ ಚಿಂತೆಯಿಲ್ಲ' ಎಂಬ ಮಾತಿನ ಜೊತೆಗೇ ಬರುತ್ತಿದೆ. ಒಂದೇ ಔಷಧವನ್ನು ವರ್ಷವರ್ಷ ಹೊಡೆದರೆ ಕಳೆಗಳೂ ತಾಳಿಕೆ ಬೆಳೆಸಿಕೊಳ್ಳುತ್ತವೆ ಎಂಬುದು ಅದೇ ಅಮೆರಿಕದ ಹೊಲಗಳಲ್ಲಿ ಆಗಲೇ ಕಂಡ ಸಂಗತಿ.

ನಮ್ಮಲ್ಲಿ ಸದ್ಯ ಹುಳವನ್ನು ಹಿಡಿದಿಡುವ ಕೆಲಸಗಳು ಹಳೆಯವೇ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಲಿಂಗಾಕರ್ಷಕ ಬಲೆ ಕಟ್ಟಿ, ಒಂದು ಬಲೆಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಎಚ್ಚರಾಗುವುದು. ಕೊನೆಯ ಬಿಡಿಸುವಿಕೆಯ ಆಸೆಗೆ ಬೆಳೆಯನ್ನು ಬೇಸಿಗೆಯವರೆಗೆ ಎಳೆಯದಿರುವುದು. ಒಲೆಗೆಂದು ಮನೆ ಹಿತ್ತಲಲ್ಲಿ ಒಟ್ಟುವ ಹತ್ತಿಕಟ್ಟಿಗೆಯಲ್ಲಿ ಉಳಿದ ಕಾಯಿಗಳನ್ನು ಕಿತ್ತು ಸುಡುವುದು. ಹುಳ ಬೇಸಿಗೆಯನ್ನು ಆ ಒಣಕಾಯಿಗಳಲ್ಲಿ, ಜಿನ್ನಿಂಗ್ ಮಿಲ್ಲಿನ ಬೀಜದ ರಾಶಿಯಲ್ಲಿ ಮಲಗಿ ಕಳೆಯುತ್ತದೆ. ಒಬ್ಬರ ಹೊಲದಲ್ಲಿ ಮಾಡಿದರೆ ಇದರಿಂದ ಹೆಚ್ಚೇನೂ ಆಗದು. ಇಡೀ ಊರು ಒಂದೇ ವಾರದಲ್ಲಿ ಮಾಡಬೇಕು, ಮತ್ತು ಅದು ಮೊದಲ ಮುಂಗಾರು ಮಳೆಗೆ ಮುಂಚೆಯೇ ಆಗಬೇಕು.