ಮೇಜರ್ ಸರ್ವಿಸ್ ಎಷ್ಟಾಗುತ್ತೆ?

ವಾರಕ್ಕೆ ಮೂರು ನಾಲ್ಕು ಸಲ ಈ ಫೋನ್ ಬಂದೇ ಬರುತ್ತದೆ. "ಸಾರ್, ನನ್ನ ಹತ್ರ ಇಂಥ ಕಾರಿದೆ. ಮೇಜರ್ ಸರ್ವಿಸ್ ಎಷ್ಟಾಗುತ್ತೆ?" ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವು, ಪಿಸ್ಟನ್ನುಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಹಲ್ಲಿನ ರಬ್ಬರ್ ಪಟ್ಟಿ) ಹೋದ ಸಲ ಯಾವ ವರ್ಷ ಹಾಕಿಸಿದ್ರಿ ಅಂತ ನಾನು ಕೇಳುತ್ತೇನೆ. "ಅದೆಲ್ಲ ನೋಡ್ಬೇಕು ಸಾರ್, ನೀವು ಸುಮ್ನೆ ಒಂದು ಅಂದಾಜು ಹೇಳಿ." ನಾನು ಹೇಳುವುದಿಲ್ಲ. ಅವರು ಫೋನ್ ಇಡುತ್ತಾರೆ. ಮುಂದಿನ ಫೋನ್‌ನಲ್ಲಿ ಯಾರೋ ಥಟ್ ಅಂತ ಒಂದು ಮೊತ್ತ ಹೇಳುತ್ತಾರೆ, ಕಾರು ಅಲ್ಲಿಗೆ ಹೋಗುತ್ತದೆ.

ನಾನೇ ವರ್ಕ್‌ಶಾಪ್ ನಡೆಸುವವನು. ಹಾಗಾಗಿ ನನ್ನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಓದಿ, ಬೇಜಾರಿಲ್ಲ. ಆದರೆ ಇಷ್ಟು ವರ್ಷದಲ್ಲಿ ಗಿರಾಕಿಗಳಿಗೆ ಹೇಳಿ ಹೇಳಿ ಸಾಕಾದ ವಿಷಯ ಒಂದೇ. ಮೇಜರ್ ಸರ್ವಿಸ್ ಅನ್ನೋದು ಒಂದು ಕೆಲಸದ ಹೆಸರಲ್ಲ. ಬಿಲ್ಲಿನ ತಲೆಬರಹ ಅಷ್ಟೇ. ಅದರ ಕೆಳಗೆ ಏನಿದೆ ಅಂತ ನೋಡದೆ ಎರಡು ಕಡೆಯ ರೇಟು ಹೋಲಿಸಿದರೆ, ಪುಸ್ತಕದ ಒಳಗೇನಿದೆ ಅಂತ ತೆಗೆದು ನೋಡದೆ ತೂಕ ಹಾಕಿ ಕೊಂಡ ಹಾಗೆ.

ಒಂದೇ ಕಂಪನಿಯ ಮೂರು ಕಾರು ತೆಗೆದುಕೊಳ್ಳಿ. ಫೆರಾರಿ ಎಫ್355 ಬಂದಿದ್ದು 1994ರಲ್ಲಿ. ಅದರ ಬೆಲ್ಟ್ ಬದಲಾಯಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸುವುದು ಪದ್ಧತಿ. 1999ರ 360 ಮೊಡೆನಾದಲ್ಲಿ ಸೀಟಿನ ಹಿಂದೆ ಒಂದು ಮುಚ್ಚಳ ಕೊಟ್ಟರು. ಅದನ್ನು ತೆಗೆದರೆ ಎಂಜಿನ್ ಇದ್ದಲ್ಲೇ ಬೆಲ್ಟಿಗೆ ಕೈ ಹೋಗುತ್ತದೆ. 2004ರ ಎಫ್430ಗೆ ಬೆಲ್ಟೇ ಇಲ್ಲ, ಚೈನು. ಮೂರೂ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಮೂರಕ್ಕೂ ಗಿರಾಕಿ ಕೇಳುವ ಪ್ರಶ್ನೆ ಮಾತ್ರ ಒಂದೇ.

ಕಾರು ಒಂದೇ ಆದರೂ ಕೆಲಸ ಒಂದೇ ಅಲ್ಲ. ಒಬ್ಬರು ಬೆಲ್ಟ್ ಮಾತ್ರ ಹಾಕುತ್ತಾರೆ. ಇನ್ನೊಬ್ಬರು ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗ್, ಆಯಿಲ್ ಸೋರದಂತೆ ತಡೆಯುವ ಕ್ಯಾಮ್ ಸೀಲು, ಗ್ಯಾಸ್ಕೆಟ್ ಎಲ್ಲ ಹಾಕಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದು ಬರೆದಿಟ್ಟು ಕೊಡುತ್ತಾರೆ. ಎರಡೂ ಬಿಲ್ಲಿನ ಮೇಲೆ ಬರೆದಿರೋದು ಮೇಜರ್ ಸರ್ವಿಸ್ ಅಂತಲೇ.

ಒಬ್ಬರು ಕಾರು ತಂದಿದ್ದರು. ಆ ಕಾರಿಗೆ ಅವರು ಮೂರನೇ ಓನರ್. ದಪ್ಪ ಫೈಲು, ಪ್ರತಿ ಬಿಲ್ಲೂ ಪ್ಲಾಸ್ಟಿಕ್ ಹಾಳೆಯೊಳಗೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಲ್ಲೋ ಕುಂಯ್ ಅನ್ನುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ ಅಂದರು. ಕವರ್ ಬಿಚ್ಚಿದೆವು. ಬೆಲ್ಟ್ ಹೊಸದೇ, ಮೇಲಿನ ಅಕ್ಷರ ಕೂಡ ಅಳಿಸಿರಲಿಲ್ಲ. ಟೆನ್ಷನರ್ ಬೇರಿಂಗ್ ಹಳೇದು. ಒಳ್ಳೆಯ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಗ್ರೀಸಿನ ಬಿಗಿ ಗೊತ್ತಾಗುತ್ತದೆ, ಒಂದು ಸುತ್ತಿಗೆಲ್ಲ ನಿಂತುಬಿಡುತ್ತದೆ. ಇದು ಬುಗುರಿ ಹಾಗೆ ತಿರುಗುತ್ತಲೇ ಇತ್ತು. ಕಿವಿ ಹತ್ತಿರ ಹಿಡಿದರೆ ಒಣ ಮರಳು ಉಜ್ಜಿದ ಸದ್ದು. ಒಳಗೆ ಗ್ರೀಸೇ ಉಳಿದಿರಲಿಲ್ಲ. ಅದು ಹಿಡಿದುಕೊಂಡರೆ ಬೆಲ್ಟ್ ಹಲ್ಲು ಹಾರುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಹೊಡೆಯುತ್ತವೆ. ಅಲ್ಲಿಂದ ಮುಂದೆ ಅದು ಸರ್ವಿಸ್ ಅಲ್ಲ, ಎಂಜಿನ್ ಕಟ್ಟುವ ಕೆಲಸ.

"ಬಿಲ್ಲಲ್ಲಿ ಮೇಜರ್ ಸರ್ವಿಸ್ ಅಂತ ಇದೆಯಲ್ಲ ಸಾರ್," ಅಂದರು ಪಾಪ. ಇತ್ತು. ಸುಳ್ಳೂ ಅಲ್ಲ. ಹಿಂದಿನ ಓನರ್ ಕೇಳಿದ್ದು ರೇಟು, ಗ್ಯಾರೇಜಿನವರು ಆ ರೇಟಿಗೆ ತಕ್ಕ ಕೆಲಸ ಮಾಡಿದ್ದರು.

ಇನ್ನೊಂದು ಥರದ ಎಡವಟ್ಟೂ ಇದೆ. ಕಂಪನಿಯ ಪಟ್ಟಿಯಲ್ಲಿ ಇರುವುದನ್ನೆಲ್ಲ ಮಾಡಿಸಿಯೂ ಮುಖ್ಯವಾದದ್ದು ಬಿಟ್ಟುಹೋಗಬಹುದು. 2007ರಲ್ಲಿ ಬಂದ ವಿ8 ಎಂಜಿನ್ನಿನ ಬಿಎಂಡಬ್ಲ್ಯು ಎಂ3ಗೆ ಕನೆಕ್ಟಿಂಗ್ ರಾಡ್ ಬೇರಿಂಗಿನದೇ (ಪಿಸ್ಟನ್ನಿನ ರಾಡು ಕ್ರ್ಯಾಂಕ್‌ಶಾಫ್ಟಿಗೆ ಸೇರುವಲ್ಲಿ ಇರುವ ಬೇರಿಂಗ್) ಚಿಂತೆ. ಸರ್ವಿಸ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆ ಎಂಜಿನ್ ಬಲ್ಲವರು ಆಯಿಲ್ ಇಳಿಸುವಾಗಲೇ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಕಳಿಸಿ, ಬೇರಿಂಗಿನಿಂದ ಸವೆದು ಬಂದ ಸೀಸ, ತಾಮ್ರ ಎಷ್ಟಿದೆ ಅಂತ ನೋಡುತ್ತಾರೆ. ಹಳೇ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಲೈಟ್ ಹಿಡಿದು ಹೊಳೆಯುವ ಚೂರು ಹುಡುಕುತ್ತಾರೆ. ಎಲ್ಲ ಎಂಜಿನ್ನೂ ಕೆಡುತ್ತದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹೆದರಬೇಡಿ. ಒಂದು ರಿಪೋರ್ಟ್ ನೋಡಿ ಎಂಜಿನ್ ಬಿಚ್ಚಿಸಲೂ ಬೇಡಿ. ಎರಡು ಮೂರು ಸಲದ ರಿಪೋರ್ಟ್ ಪಕ್ಕಪಕ್ಕ ಇಟ್ಟಾಗ ಮಾತ್ರ ಏನಾದರೂ ಹೇಳಬಹುದು.

ಹಾಗಾದ್ರೆ ಏನು ಕೇಳಬೇಕು? ಏನೇನು ಬಿಚ್ಚುತ್ತೀರಿ, ಏನು ಅಳೆಯುತ್ತೀರಿ, ಏನು ಹೊಸದು ಹಾಕುತ್ತೀರಿ, ಹಳೇದನ್ನು ಕೈಗೆ ಕೊಡುತ್ತೀರಾ. ಉತ್ತರ ಬರವಣಿಗೆಯಲ್ಲಿ ಬರಲಿ. ಬಂದ ಪಟ್ಟಿಯಲ್ಲಿ ದೊಡ್ಡ ಸಾಮಾನು ಬಿಟ್ಟು ಸಣ್ಣದನ್ನು ಓದಿ. ಟಾರ್ಕ್ (ಅಳತೆಯ ತಿರುಗಿಸುವ ಬಲ) ಕೊಟ್ಟ ಮೇಲೆ ಇನ್ನಿಷ್ಟು ಡಿಗ್ರಿ ಅಂತ ತಿರುಗಿಸಿ ಬಿಗಿ ಮಾಡುವ ಬೋಲ್ಟುಗಳು ಎಷ್ಟೋ ಎಂಜಿನ್ನಿನಲ್ಲಿ ಒಂದೇ ಸಲಕ್ಕೆ. ಬಿಗಿಯಾಗುವಾಗ ಉದ್ದಕ್ಕೆ ಹಿಗ್ಗುತ್ತವೆ, ಮತ್ತೆ ಹಾಕುವಂತಿಲ್ಲ. ಅಂಥ ಕೆಲಸದ ಪಟ್ಟಿಯಲ್ಲಿ ಹೊಸ ಬೋಲ್ಟ್ ಇಲ್ಲ ಅಂದರೆ ಯಾಕೆ ಅಂತ ವಿಚಾರಿಸಿ. ಮರೆತಿರಲೂಬಹುದು, ಜಗಳಕ್ಕೆ ಹೋಗಬೇಡಿ.

ಉಪಕರಣದ ಬಗ್ಗೆಯೂ ಕೇಳಿ. ಚಕ್ರಕ್ಕೆ ಐದು ಬೋಲ್ಟಿರುವ 996, 997 ಅನ್ನುವ ತಲೆಮಾರಿನ ಪೋರ್ಷೆ 911ಗೆ ಚಕ್ರದ ಒಂದೊಂದು ಬೋಲ್ಟಿಗೆ 130 ನ್ಯೂಟನ್ ಮೀಟರ್ ಬಿಗಿ. ನಂತರದ 991 ಜಿಟಿ3ಯಲ್ಲಿ ಚಕ್ರಕ್ಕೆ ನಟ್ಟು ಒಂದೇ, ಅದಕ್ಕೆ 600. ಸಾಮಾನ್ಯ ಟಾರ್ಕ್ ರೆಂಚಿನಿಂದ ಅದು ಆಗದ ಮಾತು. ಬ್ರೇಕ್ ನೋಡೋದಕ್ಕೂ ಮೊದಲು ಚಕ್ರ ಬಿಚ್ಚಲೇಬೇಕು, ಅಲ್ವಾ? ಅದಕ್ಕೇ ಬೇಕಾದ ರೆಂಚಿಲ್ಲದ ಕಡೆ ಮಿಕ್ಕ ಮಾತು ಯಾಕೆ.

ಕಂಪನಿ ಶೋರೂಮೋ ಹೊರಗಿನ ಗ್ಯಾರೇಜೋ ಅನ್ನುವ ಚರ್ಚೆಗೆ ನಾನು ಬರುವುದಿಲ್ಲ. ಎರಡೂ ಕಡೆ ಒಳ್ಳೆಯ ಕೈಗಳಿವೆ. ಫಳಫಳ ಹೊಳೆಯುವ ನೆಲ ನೋಡಿ ಮರುಳಾಗಬೇಡಿ, ಎಣ್ಣೆ ಕಲೆ ನೋಡಿ ಓಡಲೂಬೇಡಿ. "ಈ ಎಂಜಿನ್ ನಾವು ಮಾಡಿಲ್ಲ, ಇಂಥವರ ಹತ್ರ ಹೋಗಿ" ಅಂತ ಒಬ್ಬರು ಹೇಳಿದರೆ ಅವರ ನಂಬರ್ ಇಟ್ಟುಕೊಳ್ಳಿ. ನಿಮ್ಮ ದಿನಬಳಕೆಯ ಕಾರಿಗೆ ಅವರೇ ಸರಿ.

ಇನ್ನು "ಓಡಿಸೇ ಇಲ್ಲ ಸಾರ್, ನಿಂತೇ ಇತ್ತು" ಅನ್ನುವವರಿಗೆ. ಬೆಲ್ಟಿನ ರಬ್ಬರು ಕಿಲೋಮೀಟರ್ ಎಣಿಸಿ ಮುದಿಯಾಗುವುದಿಲ್ಲ. ಬ್ರೇಕ್ ಆಯಿಲ್ ನಿಂತಲ್ಲೇ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು ಅನ್ನುತ್ತದೆ ನಿಯಮ. 3.7 ಶೇಕಡಾ ನೀರು ಸೇರಿದ ಮೇಲೆ 155 ಇದ್ದರೆ ಸಾಕು ಅಂತಲೂ ಅದೇ ನಿಯಮ. ಜೋರಾಗಿ ಓಡುವ ಕಾರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅದಕ್ಕೇ ನಾನು ಮೊದಲು ವರ್ಷ ಕೇಳೋದು. ಫೋನ್ ಮಾಡುವ ಮುಂಚೆ ಹಳೇ ಬಿಲ್ಲು ಹುಡುಕಿ ಇಟ್ಟುಕೊಳ್ಳಿ. ಫೋಟೋ ಕಳಿಸಿದರೂ ಆದೀತು. ಮೊದಲ ಪುಟದ್ದಲ್ಲ, ಒಳಗೆ ಸಾಮಾನಿನ ಪಟ್ಟಿ ಇರುವ ಪುಟದ್ದು.