ನ್ಯೂಯಾರ್ಕ್–ಲಂಡನ್ ಲೆಕ್ಕ: ದೂರ ಒಂದೇ, ಹೋಗೋ ಹೊತ್ತು ಬರೋ ಹೊತ್ತು ಬೇರೆ

ಮೊದಲು ದೂರ. ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣ ಇರುವುದು 40.64 ಡಿಗ್ರಿ ಉತ್ತರ, 73.78 ಪಶ್ಚಿಮದಲ್ಲಿ. ಲಂಡನ್ನಿನ ಹೀಥ್ರೂ ನಿಲ್ದಾಣ 51.47 ಉತ್ತರ, 0.45 ಪಶ್ಚಿಮ. ಗೋಡೆ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಗೋಳದ ಮೇಲೆ ದಾರ ಎಳೆದು ಹಿಡಿದರೆ ಅದು ಮೇಲಕ್ಕೆ ಬಾಗಿ ನ್ಯೂಫೌಂಡ್‌ಲ್ಯಾಂಡ್ ಮೇಲೆ ಹಾದು ಹೋಗುತ್ತದೆ, ಅದೇ ಹತ್ತಿರದ ದಾರಿ.

ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.5095. ಎರಡರ ಕೊಸೈನ್ ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ (73.33) ಕೊಸೈನ್‌ನಿಂದ ಮತ್ತೆ ಗುಣಿಸಿ: 0.1356. ಕೂಡಿಸಿದರೆ 0.6451. ಇಷ್ಟು ಕೊಸೈನ್ ಇರುವ ಕೋನ 49.83 ಡಿಗ್ರಿ, ಎರಡು ಊರುಗಳ ನಡುವಿನ ಕೋನ ಅದೇ. ಇಲ್ಲಿಂದ ಮುಂದೆ ಭೂಮಿಯ ತ್ರಿಜ್ಯ ಹುಡುಕುವುದೇ ಬೇಡ: ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಸುಮಾರು 5,540 ಕಿ.ಮೀ. ಬಂತು, ಮುಗೀತು.

ಈಗ ತಲೆ ಕೆಡಿಸುವ ಭಾಗ, ಗಾಳಿ. ಅಲ್ಲಿ ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಂಡನ್ನಿಗೆ ಹೋಗುವಾಗ ಬೆನ್ನಿಗೆ, ವಾಪಸ್ ಬರುವಾಗ ಮುಖಕ್ಕೆ. ಹೋಗುವಾಗ ಉಳಿಸಿದ್ದು ಬರುವಾಗ ಕಳೆಯುತ್ತೆ, ಒಟ್ಟು ಸಮ ಅಲ್ವಾ ಅನ್ನಿಸುತ್ತದೆ. ಸಮ ಅಲ್ಲ! ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿ 100 ಅಂದುಕೊಳ್ಳಿ. ಹೋಗುವಾಗ 5540 ಭಾಗಿಸು 1000, ಅಂದರೆ 5 ಗಂಟೆ 32 ನಿಮಿಷ. ಬರುವಾಗ 800ರಿಂದ ಭಾಗಿಸಬೇಕು, 6 ಗಂಟೆ 56 ನಿಮಿಷ. ಒಟ್ಟು 12 ಗಂಟೆ 28 ನಿಮಿಷ. ಗಾಳಿಯೇ ಇಲ್ಲದಿದ್ದರೆ 12 ಗಂಟೆ 19 ನಿಮಿಷದಲ್ಲಿ ಮುಗಿಯುತ್ತಿತ್ತು. ಒಂಬತ್ತು ನಿಮಿಷ ಎಲ್ಲಿಂದ ಬಂತು? ಎದುರುಗಾಳಿಯಲ್ಲಿ ವಿಮಾನ ನಿಧಾನ, ಹಾಗಾಗಿ ಆ ಗಾಳಿಗೆ ಸಿಕ್ಕಿಕೊಂಡಿರುವ ಹೊತ್ತೂ ಜಾಸ್ತಿ. ಹಿಂಗಾಳಿ ಸಹಾಯ ಮಾಡುವ ಹೊತ್ತು ಅದಕ್ಕಿಂತ ಕಡಿಮೆ. ಅದಕ್ಕೇ ವೇಗಗಳ ಸರಾಸರಿ ತೆಗೆಯಬೇಡಿ, ಪ್ರತಿ ದಿಕ್ಕಿನ ಹೊತ್ತನ್ನು ಬೇರೆ ಬೇರೆ ಲೆಕ್ಕ ಹಾಕಿ ಆಮೇಲೆ ಕೂಡಿಸಿ.

ಗಾಳಿ ಎಷ್ಟು ಆಟ ಆಡಿಸುತ್ತದೆ ಅಂದರೆ, 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿ ಇದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಇದೇ ದಾರಿಯನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತು. ಸರಾಸರಿ ಗಂಟೆಗೆ 1,100 ಕಿ.ಮೀ. ದಾಟುತ್ತದೆ. ಆದರೂ ಅದು ಶಬ್ದದ ವೇಗ ಮೀರಿರಲಿಲ್ಲ, ಯಾಕೆಂದರೆ ಈ ವೇಗ ನೆಲದ ಲೆಕ್ಕದ್ದು, ಸುತ್ತಲಿನ ಗಾಳಿಯ ಲೆಕ್ಕದ್ದಲ್ಲ.

ಟೈಮ್‌ಟೇಬಲ್‌ನಲ್ಲಿ ಇದಕ್ಕಿಂತ ಜಾಸ್ತಿ ಹೊತ್ತು ಕಾಣುತ್ತದೆ. ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಲೆಕ್ಕ ಅದು. ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು ಎಲ್ಲ ಸೇರಿರುತ್ತದೆ.

ಕೊನೆಗೆ ಗಡಿಯಾರ. ಸಂಜೆ 7ಕ್ಕೆ ಹೊರಟು ಬೆಳಿಗ್ಗೆ 7ಕ್ಕೆ ಲಂಡನ್ ಸೇರಿದರೆ ಹಾರಾಟ 12 ಗಂಟೆ ಅಲ್ಲ. ಲಂಡನ್ ಗಡಿಯಾರ ನ್ಯೂಯಾರ್ಕ್‌ಗಿಂತ 5 ಗಂಟೆ ಮುಂದೆ, ಹಾಗಾಗಿ 5 ಕಳೆಯಿರಿ, 7. ಕೂಡಿಸಬೇಕೋ ಕಳೆಯಬೇಕೋ ಅಂತ ಸುಮ್ನೆ ಗೊಂದಲ ಯಾಕೆ? ಎರಡೂ ಹೊತ್ತನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಬದಲಾಯಿಸಿಬಿಡಿ. ಮಾರ್ಚ್‌ನಲ್ಲಿ ಅಂತೂ ಬೇಕೇ ಬೇಕು: ಬೇಸಿಗೆಗೆ ಅಂತ ಅಮೆರಿಕ ಎರಡನೇ ಭಾನುವಾರವೇ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ 5 ಅಲ್ಲ, 4 ಗಂಟೆ.